ಹೆಸರು ಸಿಕ್ಕಿತು, ಮುಂದೇನು?

ಅಮೆರಿಕದ ಗಡಿನಾಡಿಗೆ ಮೊದಮೊದಲು ಹೋಗಿ ನೆಲೆನಿಂತ ಕುಟುಂಬಗಳ ವಂಶಾವಳಿ ಹುಡುಕುವವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಹಳೆಯ ಜನಗಣತಿಯಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತು, ಇನ್ನೇನು ನೋಡಬೇಕು?" ಇಡೀ ಪುಟ ಓದಿ ಎನ್ನುತ್ತೇನೆ. ಖಾಲಿ ಬಿಟ್ಟ ಕಲಂಗಳನ್ನೂ ಬಿಡಬೇಡಿ.

ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಮನೆಯವರನ್ನೇ ನೋಡಿ. ಕಾನ್ಸಾಸ್‌ನಲ್ಲಿದ್ದ ತಮ್ಮ ಬಾಲ್ಯದ ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ದೂರದಲ್ಲಿತ್ತು ಎಂದು ಅವರು ಬರೆದರು. ಆ ಲೆಕ್ಕ ಹಿಡಿದು ಹೊರಟರೆ ಕಾನ್ಸಾಸ್ ದಾಟಿ ಪಕ್ಕದ ಒಕ್ಲಹೋಮಾಕ್ಕೆ ಹೋಗಿ ಮುಟ್ಟುತ್ತೇವೆ. ಆದರೆ 1870ರ ಆಗಸ್ಟ್‌ನ ಗಣತಿಯಲ್ಲಿ ಈ ಕುಟುಂಬ ಇರುವುದು ಮಾಂಟ್ಗೊಮರಿ ಕೌಂಟಿಯ ರಟ್ಲೆಂಡ್ ಟೌನ್‌ಶಿಪ್‌ನಲ್ಲಿ, ಇಂಡಿಪೆಂಡೆನ್ಸ್‌ನಿಂದ ಸುಮಾರು 13 ಮೈಲಿಯಲ್ಲಿ. ಲಾರಾಗೆ ಆಗ ಮೂರು ವರ್ಷ.

ಆ ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಜಮೀನಿನ ಬೆಲೆ ಬರೆಯಬೇಕಾದ ಕಲಂ. ಅಲ್ಲಿ ಏನೂ ಇಲ್ಲ. ಕಾರಣವನ್ನು ಗಣತಿದಾರನೇ ಬರೆದಿಟ್ಟಿದ್ದಾನೆ: ಈ ನೆಲ ಓಸೇಜ್ ಜನರದು, ಬಂದು ಕೂತವರಿಗೆ ಹಕ್ಕುಪತ್ರವಿಲ್ಲ. ಆ ಓಸೇಜ್ ಜನರ ಹೆಸರೇ ಪುಟದಲ್ಲಿಲ್ಲ, ಏಕೆಂದರೆ ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಅಂದಿನ ಗಣತಿ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನೆಲ ಯಾರದೋ ಅವರು ಹೊರಗೆ, ಹಕ್ಕಿಲ್ಲದವರು ಒಳಗೆ. ಹಿರಿಯರ ಸಾಹಸದ ಕಥೆ ಹೇಳುವವರು ಈ ಖಾಲಿ ಕಲಮನ್ನೂ ಜೊತೆಗೇ ಹೇಳಬೇಕು ಎಂಬುದು ನನ್ನ ಗಟ್ಟಿ ನಿಲುವು.

ನೆರೆಹೊರೆಯನ್ನೂ ಓದಿ. ಈ ಕುಟುಂಬದವರು ಜ್ವರದಲ್ಲಿ ನರಳುವಾಗ ಆರೈಕೆ ಮಾಡಿದ ಕಪ್ಪು ವೈದ್ಯ ಜಾರ್ಜ್ ಟ್ಯಾನ್ ಅದೇ ಗಣತಿಯಲ್ಲಿದ್ದಾರೆ. ಅಂದಿನವರು ಒಂಟಿಯಾಗಿ ವಲಸೆ ಹೋಗುತ್ತಿದ್ದುದು ಕಡಿಮೆ. ಇಂಗಲ್ಸ್ ಮನೆತನದ ಮೂವರು ಒಡಹುಟ್ಟಿದವರು ಕ್ವೈನರ್ ಮನೆತನದ ಮೂವರನ್ನು ಮದುವೆಯಾಗಿದ್ದರು. ಹಾಗಾಗಿ ಹಿಂದಿನ, ಮುಂದಿನ ಪುಟ ತಿರುವಿದರೆ ಅಜ್ಜಿಯ ತವರು ಸಿಕ್ಕರೂ ಸಿಗಬಹುದು.

ಕೆಲವು ಗೋಡೆಗಳು ಎದುರಾಗುತ್ತವೆ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ಸಂಖ್ಯೆ. 1850 ಮತ್ತು 1860ರಲ್ಲಿ ಗುಲಾಮರ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ. ಯಜಮಾನನಿಗೆ ಏನಾಗಬೇಕು ಎಂಬ ಕಲಂ ಬಂದದ್ದು 1880ರಲ್ಲಿ. ಅದಕ್ಕೂ ಹಿಂದಿನ ಪುಟದಲ್ಲಿ ಕಂಡ ಹೆಂಗಸನ್ನೆಲ್ಲ ಹೆಂಡತಿ ಎಂದುಕೊಳ್ಳಬೇಡಿ, ತಂಗಿಯೂ ಆಗಿರಬಹುದು. 1890ರ ದಾಖಲೆಯ ಬಹುಭಾಗ 1921ರ ಬೆಂಕಿಯ ನಂತರ ಉಳಿಯಲಿಲ್ಲ. ಹಾಗಾಗಿ 1880ರಿಂದ 1900ರವರೆಗಿನ ಇಪ್ಪತ್ತು ವರ್ಷಗಳ ಕಂದರ ದಾಟಲು ಜಮೀನು ಮಂಜೂರಾತಿಯ ಕಡತಗಳನ್ನು ಹಿಡಿಯಬೇಕು.

ನಮ್ಮೂರಿನವರ ಬಗ್ಗೆಯೂ ಹೀಗೆ ಹುಡುಕಬಹುದೇ ಎಂದು ಕನ್ನಡಿಗರು ಆಸೆಯಿಂದ ಕೇಳುತ್ತಾರೆ. ಭಾರತದ 1948ರ ಜನಗಣತಿ ಕಾಯ್ದೆಯಂತೆ ಮನೆಮನೆಯ ವಿವರ ಸಾರ್ವಜನಿಕರಿಗೆ ಸಿಗುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ತೆರೆಯುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ಅಲ್ಲಿ ಬೇರುಗಳಿರುವವರು ಅದರಿಂದಲೇ ಶುರುಮಾಡಿ ಹತ್ತು ಹತ್ತು ವರ್ಷ ಹಿಂದೆ ಸರಿಯುತ್ತ ಹೋಗಲಿ.