ತೀರ್ಪು ಬಂದ ಮೇಲೆ ಜನಾಭಿಪ್ರಾಯ ಬದಲಾಗುತ್ತದೆಯೇ?

ನ್ಯಾಯಾಲಯಗಳ ಬಗ್ಗೆ ಬರೆಯುವ ನನ್ನನ್ನು ಓದುಗರು ಪದೇ ಪದೇ ಕೇಳುವುದುಂಟು: ಒಂದು ನೀತಿಯ ಕುರಿತು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಜನರೂ ಅದರಂತೆಯೇ ಯೋಚಿಸತೊಡಗುತ್ತಾರೆಯೇ? ತೀರ್ಪಿನಿಂದ ಜನರ ನಿಲುವು ಬದಲಾಗುವುದು ಅಪರೂಪ, ಆದರೆ ಅವರು ವಾದಿಸುವ ಬಗೆ ಖಂಡಿತ ಬದಲಾಗುತ್ತದೆ ಎಂಬುದು ನನ್ನ ಉತ್ತರ. ಇದನ್ನು ನನಗೆ ಕಲಿಸಿದ್ದು ನಮ್ಮದೇ ರಾಜ್ಯದ ಶಿಕ್ಷಣ ಮಾಧ್ಯಮದ ಮೊಕದ್ದಮೆ.

ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿಯೇ ಕಲಿಸಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶಿಸಿತ್ತು. ಗೋಕಾಕ್ ಚಳವಳಿಯ ನೆನಪು ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಈ ಆದೇಶವನ್ನು ಬಹಿರಂಗವಾಗಿ ವಿರೋಧಿಸುವುದು ಸುಲಭವಿರಲಿಲ್ಲ. ಆದರೂ ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುವ ಖಾಸಗಿ ಶಾಲೆಗಳು ಹುಟ್ಟಿಕೊಂಡವು. ತಂದೆತಾಯಂದಿರು ಅದನ್ನು ತಿಳಿದೇ ಮಕ್ಕಳನ್ನು ಅಲ್ಲಿಗೆ ಸೇರಿಸಿದರು. ಅಂದರೆ ಜನರ ಒಲವು ಯಾವ ಕಡೆಗಿದೆ ಎಂಬುದು ತೀರ್ಪಿಗೆ ಮೊದಲೇ ತೀರ್ಮಾನವಾಗಿತ್ತು. 2008ರಲ್ಲಿ ರಾಜ್ಯ ಹೈಕೋರ್ಟಿನಲ್ಲಿ ಸೋತ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮೇ 6ರಂದು ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ನೇತೃತ್ವದ ಐವರ ಸಂವಿಧಾನ ಪೀಠವು, ಪ್ರಾಥಮಿಕ ಹಂತದ ಮಾಧ್ಯಮದ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಮಾತೃಭಾಷೆಯಲ್ಲಿ ಕಲಿಸುವುದನ್ನು ಶಾಲೆಯ ಮಾನ್ಯತೆಗೆ ಷರತ್ತಾಗಿ ಸರ್ಕಾರ ಹೇರುವಂತಿಲ್ಲ ಎಂದು ಹೇಳಿತು.

ಆ ತೀರ್ಪನ್ನು ಓದಿ ಕನ್ನಡ ಮಾಧ್ಯಮದ ಪರವಾಗಿದ್ದವರಾರೂ ಮನಸ್ಸು ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ, ಎಳೆಯ ಮಗು ತನ್ನ ಮನೆಮಾತಿನಲ್ಲಿ ಚೆನ್ನಾಗಿ ಕಲಿಯುತ್ತದೆ ಎಂಬ ನನ್ನ ನಂಬಿಕೆ ಅಂದಿನಷ್ಟೇ ಗಟ್ಟಿಯಾಗಿದೆ. ಆದರೆ ಅಂದಿನಿಂದ ನಮ್ಮ ಮಾತಿನ ದಿಕ್ಕು ಬೇರೆಯಾಯಿತು. ಅದುವರೆಗೆ ‘ಕಡ್ಡಾಯ ಮಾಡಿ’ ಎಂದು ಸರ್ಕಾರವನ್ನು ಒತ್ತಾಯಿಸುತ್ತಿದ್ದವರು, ಕನ್ನಡ ಶಾಲೆಗೆ ಮಗುವನ್ನು ಏಕೆ ಕಳಿಸಬೇಕೆಂದು ಪೋಷಕರಿಗೇ ವಿವರಿಸಬೇಕಾಯಿತು, ಹಾಗೆ ವಿವರಿಸುವಾಗ ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳ, ಸೋರುವ ಕೊಠಡಿಗಳ ವಿಚಾರವನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಎದುರು ಪಕ್ಷಕ್ಕೆ, ಅದುವರೆಗೆ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ ಆಸೆಯನ್ನು ‘ನಮ್ಮ ಹಕ್ಕು’ ಎಂದು ಹೇಳುವ ಧೈರ್ಯ ಬಂತು.

ಹಕ್ಕು ಎಂಬ ಪದದ ಬಲ ಇನ್ನೊಂದು ಮೊಕದ್ದಮೆಯಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ, ಅದೂ ಕರ್ನಾಟಕದ್ದೇ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನ ದುಬಾರಿ ಶುಲ್ಕವನ್ನು ಪ್ರಶ್ನಿಸಿ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್, 1992ರಲ್ಲಿ, ಶಿಕ್ಷಣವು ಜೀವಿಸುವ ಹಕ್ಕಿನೊಂದಿಗೆ ಬೆಸೆದುಕೊಂಡಿದೆ ಎಂದಿತು. ಮರುವರ್ಷವೇ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತಾದರೂ, ಅದು 2002ರಲ್ಲಿ ಸಂವಿಧಾನದ 21ಎ ವಿಧಿಯಾಗಿ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಾಗಿ ಗಟ್ಟಿಯಾಯಿತು. ಹಳ್ಳಿಯ ತಾಯಿಯೂ ಇಂದು ‘ಆರ್‌ಟಿಇ ಸೀಟು’ ಎನ್ನುವಾಗ ಅದನ್ನು ಯಾರದೋ ದಯೆಯೆಂದು ಬೇಡುತ್ತಿಲ್ಲ.

ಮಾಧ್ಯಮದ ತೀರ್ಪು ಬಂದ ಐದು ವರ್ಷಗಳಲ್ಲೇ, 2019ರಲ್ಲಿ, ರಾಜ್ಯ ಸರ್ಕಾರ ತನ್ನದೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಮುಂದಾಯಿತು. ಹಾಗೆ ಮಾಡೆಂದು ಯಾವ ನ್ಯಾಯಾಲಯವೂ ಅದಕ್ಕೆ ಹೇಳಿರಲಿಲ್ಲ.