ಯಾವ ಜೋಕಿಗೆ ಸಿಟ್ಟಾಗಬೇಕು?

ಪೋಲಿ ಜೋಕು ಕೇಳಿದರೆ ನನಗೂ ನಗು ಬರುತ್ತದೆ. ಹಾಸಿಗೆಯ ಮಾತು ಬಂತು, ಬೈಗುಳ ಬಂತು ಅಂದ ಮಾತ್ರಕ್ಕೆ ಮುಖ ಗಂಟು ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡವರು ದೊಡ್ಡವರಿಗಾಗಿ ಮಾಡಿದ ಹಾಸ್ಯ ಅದು. ಬೇಡ ಅನ್ನಿಸಿದರೆ ಮುಂದಕ್ಕೆ ಸರಿಸಿದರಾಯ್ತು, ಅಲ್ವಾ?

ಆದರೆ ನಿನ್ನೆ ನೋಡಿದ ಒಂದು ರೀಲ್ ಇನ್ನೂ ತಲೆಯಿಂದ ಹೋಗಿಲ್ಲ. ಮುಂದಿನ ಸಾಲಲ್ಲಿ ಕೂತಿದ್ದ ಹುಡುಗಿಯ ಮೈ ದಪ್ಪದ ಬಗ್ಗೆ ಕಾಮಿಡಿಯನ್ ಬಿಡದೆ ಹೊಲಸು ಮಾತಾಡುತ್ತಿದ್ದ. ಕ್ಯಾಮೆರಾ ಅವಳ ಕಡೆ ತಿರುಗಿತು. ಮುಖದಲ್ಲಿ ನಗು ಇತ್ತು. ಕೈ ಮಾತ್ರ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದಿತ್ತು. ಟಿಕೆಟ್ ಕೊಂಡು ಬಂದವಳು ಅವಳು. ಹಾಲ್‌ನಲ್ಲಿದ್ದವರು ಮರೆತುಬಿಡಬಹುದು, ಆ ಕ್ಲಿಪ್ ಮಾತ್ರ ಸುತ್ತುತ್ತಲೇ ಇರುತ್ತದೆ.

ಇಂಥದ್ದಕ್ಕೆ ಬೇಜಾರಾಗಲೇಬೇಕು. ಬಾಯಿಬಿಟ್ಟು ಹೇಳಲೂಬೇಕು. "ಜೋಕು ಕಣ್ರೀ, ಸುಮ್ನೆ ಬಿಡಿ" ಅನ್ನುವವರು ಆ ಸೀಟಿನಲ್ಲಿ ಕೂತಿರುವುದಿಲ್ಲ.

ಹಾಗಂತ ಕೇಸು, ಜೈಲು ಅಂದರೆ ನಾನು ಒಪ್ಪುವುದಿಲ್ಲ. ಅಮೆರಿಕದ ಹಾಸ್ಯಗಾರ ಲೆನ್ನಿ ಬ್ರೂಸ್ ವೇದಿಕೆ ಮೇಲೆ ಅಶ್ಲೀಲ ಮಾತಾಡಿದ ಅಂತ 1964ರಲ್ಲಿ ನ್ಯೂಯಾರ್ಕ್ ಕೋರ್ಟು ತಪ್ಪಿತಸ್ಥ ಅಂದಿತು. 1966ರಲ್ಲಿ ಅವನು ತೀರಿಕೊಂಡ. ಕ್ಷಮಾದಾನ ಸಿಕ್ಕಿದ್ದು 2003ರಲ್ಲಿ! ಅಷ್ಟು ವರ್ಷ ಆದಮೇಲೆ ಯಾರಿಗೆ ಬೇಕಿತ್ತು ಅದು? ಇನ್ನು, ಕಾಮಿಡಿಯನ್‌ನ ತಾಯಿ, ತಂಗಿಯ ಹೆಸರೆತ್ತಿ ಬೆದರಿಕೆ ಹಾಕುವವರು ಮರ್ಯಾದೆ ಉಳಿಸುತ್ತಿದ್ದೇವೆ ಅಂತ ಹೇಳಿಕೊಳ್ಳಬಾರದು. ಅವರ ಮಾತು ಆ ಜೋಕಿಗಿಂತ ಜಾಸ್ತಿ ಹೊಲಸು.