ಆನೆಗೊಂದಿ ಕಡೆ ಹೊರಟಿದ್ದೀರಾ? ಹಿರೇಬೆಣಕಲ್‌ನಿಂದ ಶುರು ಮಾಡಿ

ಹಂಪಿ ನೋಡಿದವರು ಬಹಳ ಜನ. ಹೊಳೆ ದಾಟಿ ಕೊಪ್ಪಳ ಜಿಲ್ಲೆ ಸುತ್ತಿದವರು ಕಡಿಮೆ. ಇಲ್ಲಿನ ಹಳೇ ದೇವತೆಗಳು ಪುರಾಣದ ದೇವರ ಜೊತೆ ಹೇಗೆ ಬೆರೆತರು ಅನ್ನೋ ಕುತೂಹಲ ಇದ್ದರೆ ಹಿರೇಬೆಣಕಲ್, ಪಂಪಾ ಸರೋವರ, ಹುಲಿಗಿ ಇದೇ ಕ್ರಮದಲ್ಲಿ ಹೋಗಿ. ಗಂಗಾವತಿಯಲ್ಲಿ ಉಳಿದುಕೊಂಡು ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನಕ್ಕೆ ಮುಗಿಯುತ್ತದೆ.

ಹಿರೇಬೆಣಕಲ್ ಗಂಗಾವತಿಯಿಂದ ಸುಮಾರು 10 ಕಿ.ಮೀ. ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ. ನೀರು ಜಾಸ್ತಿ ಇರಲಿ, ಕಾಲಿಗೆ ಶೂ ಇರಲಿ. ದಾರಿ ಬಲ್ಲ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಸುಮ್ನೆ ಅಲೆದಾಟ. ಮೇಲೆ ನೂರಾರು ಶಿಲಾಸಮಾಧಿಗಳಿವೆ, 2,000 ವರ್ಷಕ್ಕೂ ಹಳೆಯವು. ಸುತ್ತ ನಿಲ್ಲಿಸಿದ ಚಪ್ಪಡಿ, ತಲೆಯ ಮೇಲೊಂದು ಚಪ್ಪಡಿ, ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. ಆ ಕಿಂಡಿಯನ್ನು ಹತ್ತಿರ ಹೋಗಿ ನೋಡಿ. ದಪ್ಪ ಕಲ್ಲನ್ನು ಅಷ್ಟು ನಯವಾಗಿ ಕೊರೆದಿದ್ದಾರೆ! ಜನ ಇದನ್ನು ಮೋರೇರ ಬೆಟ್ಟ ಅನ್ನುತ್ತಾರೆ, ಇಲ್ಲಿ ಕುಳ್ಳ ಜನ ಬಾಳಿದ್ದರಂತೆ. ಬಂಡೆಯ ಮೇಲೆ ನಗಾರಿಯಂಥ ಕಲ್ಲೊಂದಿದೆ, ಬಡಿದರೆ ದೂರದವರೆಗೆ ಕೇಳುತ್ತದೆ. ಕೆಳಗಿನಿಂದಲೇ ನೋಡಿ ಸಾಕು, ಹತ್ತುವ ಸಾಹಸ ಬೇಡ.

ಅಲ್ಲಿಂದ ಆನೆಗೊಂದಿ ದಾರಿ ಹಿಡಿದರೆ ಪಂಪಾ ಸರೋವರ. ಕೆರೆ ಚಿಕ್ಕದು, ಕತೆ ದೊಡ್ಡದು. ಪಂಪಾ ಮೊದಲು ಇಲ್ಲಿನ ಹೊಳೆಯ ದೇವತೆ ಅನ್ನುವುದು ವಿದ್ವಾಂಸರ ಮಾತು. 7ನೇ ಶತಮಾನದ ಚಾಲುಕ್ಯ ಶಾಸನದಲ್ಲೇ ಪಂಪೆಯ ದಡದ ಹೆಸರಿದೆ. ಪುರಾಣ ಅವಳನ್ನು ಬ್ರಹ್ಮನ ಮಗಳಾಗಿಸಿತು, ತಪಸ್ಸಿಗೆ ಕೂರಿಸಿತು, ಶಿವನಿಗೆ ಮದುವೆ ಮಾಡಿಸಿತು. ನನ್ನ ಪ್ರಕಾರ ಶಿವ ಇಲ್ಲಿಗೆ ಮನೆ ಅಳಿಯನಾಗಿಯೇ ಬಂದ. ಹಂಪಿಯ ವಿರೂಪಾಕ್ಷನನ್ನು ಪಂಪಾಪತಿ ಅಂತ ಇವತ್ತಿಗೂ ಕರೆಯುತ್ತಾರಲ್ಲ! ಮುಂದೆ ವಿಜಯನಗರದ ಅರಸರು ಸಂಸ್ಕೃತ ತಾಮ್ರಪಟಗಳಿಗೂ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದೇ ಅಂಕಿತ ಹಾಕಿದರು. ಪಂಪಾ, ವಿರೂಪಾಕ್ಷರ ಮದುವೆ ನೋಡಬೇಕಿದ್ದರೆ ಚೈತ್ರದಲ್ಲಿ ಹಂಪಿಗೆ ಹೋಗಿ, ರೂಮು ಮೊದಲೇ ಹೇಳಿಡಿ. ನಿಶ್ಚಿತಾರ್ಥ ಅದಕ್ಕೂ ಮೊದಲು, ಫಲಪೂಜೆಯ ದಿನ.

ಹನುಮ ಹುಟ್ಟಿದ್ದು ಇಲ್ಲೇ ಅನ್ನೋ ನಂಬಿಕೆಯಿಂದ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಜನ ಮುಗಿಬೀಳುತ್ತಾರೆ. ಶನಿವಾರ ಈ ರಸ್ತೆಗೆ ಬರಬೇಡಿ.

ಕೊನೆಗೆ ಹುಲಿಗಿ. ಹುಲಿಗೆಮ್ಮನನ್ನು ರೇಣುಕೆಯ ರೂಪ ಅನ್ನುತ್ತಾರೆ, ಆದರೆ ನಡೆದುಕೊಳ್ಳುವ ರೀತಿ ಪೂರ್ತಿ ಊರಮ್ಮನದೇ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ವಿಪರೀತ ಜನ. ಆದರೂ ನಾನು ಮಂಗಳವಾರವೇ ಹೋಗಿ ಅನ್ನುತ್ತೇನೆ. ಚೌಡಿಕೆ ಅನ್ನೋ ತಂತಿವಾದ್ಯ ಹಿಡಿದ ಜೋಗತಿಯರ ಹಾಡು ಕೇಳಲು ಸಿಗುವುದು ಜನ ಸೇರಿದ ದಿನವೇ ಅಲ್ವಾ? ಕೇಳದೆ ಅವರ ಫೋಟೊ ತೆಗೆಯಬೇಡಿ. ವಾಪಸ್ ಹೋಗಲು ಮುನಿರಾಬಾದ್ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ, ರೈಲು ತಪ್ಪಿದರೆ ಹೊಸಪೇಟೆಗೆ ಬಸ್ಸು ಹಿಡಿಯಿರಿ.